ಚಾಕು ಮಾಡೋದು ಕಲಿಯಬೇಕಾ? ನಾನು 14 ತಿಂಗಳು ಇದ್ದ ಕುಲುಮೆ ಬಗ್ಗೆ

ಪಾಂಡವಪುರದ ಕಡೆ ಒಂದು ಹಳ್ಳಿಯ ಕುಲುಮೆಯಲ್ಲಿ 14 ತಿಂಗಳು ಚಾಕು ಕೆಲಸ ಕಲಿತು ಹೋದ ವಾರ ಮುಗಿಸಿದೆ. ಅಲ್ಲಿ ಕಲಿಯೋಕೆ ಹೋಗಬಹುದಾ ಅಂತ ಮೂರ್ನಾಲ್ಕು ಜನ ಕೇಳಿದರು, ಅದಕ್ಕೇ ಬರೆಯುತ್ತಿದ್ದೇನೆ. ಹೋಗಿ. ಆದರೆ ಒಂದು ವಾರದಲ್ಲಿ ಚಾಕು ಮಾಡಿಕೊಂಡು ಬರೋಣ ಅಂತ ಹೋಗಬೇಡಿ.

ಇದು ಕ್ಲಾಸ್ ಅಲ್ಲ, ದುಡಿಯೋ ಕುಲುಮೆ. ಸುತ್ತಮುತ್ತಲಿನ ಊರಿನವರು ಕಬ್ಬು ಕಡಿಯೋ ಮಚ್ಚು, ಕುಡುಗೋಲು, ಈಳಿಗೆ ಮಣೆ ಎಲ್ಲಾ ಇಲ್ಲಿಗೇ ತರುತ್ತಾರೆ. ಮೊದಲ ಮೂರು ತಿಂಗಳು ನನಗೆ ಸಿಕ್ಕಿದ್ದು ಇದ್ದಿಲು ಒಡೆಯೋದು, ಬೆಂಕಿ ಕಾಯೋದು, ಮೊಂಡಾದ ಮಚ್ಚು ಮಸೆಯೋದು ಅಷ್ಟೇ. ಬೇಜಾರಾಗಿ ಒಂದು ದಿನ ಕೇಳಿಯೇ ಬಿಟ್ಟೆ. "ಮೊದ್ಲು ನೂರು ಮಚ್ಚು ಮಸಿ. ಎಲ್ಲಿ ಸವೀತದೆ, ಎಲ್ಲಿ ಮುಕ್ಕಾಯ್ತದೆ ಅಂತ ಗೊತ್ತಿಲ್ದೆ ಹೊಸಾದು ಹೆಂಗ್ ಮಾಡೀಯಪ್ಪಾ?" ಅಂದರು ಕುಲುಮೆ ನಡೆಸೋ ಆಚಾರ್ರು. ಆಮೇಲೆ ಗಮನ ಇಟ್ಟು ನೋಡಿದೆ. ಹದ, ಅಂದರೆ ಕಾಯಿಸಿ ಅದ್ದಿ ಕೊಡೋ ಗಡಸು, ಜಾಸ್ತಿ ಆಗಿದ್ದ ಮಚ್ಚು ಅಲ್ಲಲ್ಲಿ ಮುಕ್ಕಾಗಿ ಬರುತ್ತಿತ್ತು, ಮೆತ್ತಗಿದ್ದದ್ದು ಬಾಯಿ (ಕಡಿಯೋ ಅಂಚು) ಮಡಚಿಕೊಂಡು ಬರುತ್ತಿತ್ತು.

ಚಾಕುವಿಗೆ ಬಳಸೋದು ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ. ಅದರಲ್ಲಿ ಇಂಗಾಲ ಶೇಕಡಾ ಅರ್ಧದಿಂದ 0.6ರವರೆಗೆ ಇರುತ್ತೆ, ಅದಕ್ಕೇ ಗಡುಸಾಗುತ್ತೆ. ಕಿಟಕಿ ಸರಳಿನ ಕಬ್ಬಿಣವನ್ನ ಎಷ್ಟು ಕಾಯಿಸಿ ಅದ್ದಿದರೂ ಆ ಗಡಸು ಬರಲ್ಲ. ಬಡಿಯೋದು, ಅರ ಹಾಕಿ ಆಕಾರ ತರೋದು ಕೈ ಪಳಗಿದ ಹಾಗೆ ಬರುತ್ತೆ, ಅದರ ಬಗ್ಗೆ ಹೆಚ್ಚು ಹೇಳೋಕೆ ಇಲ್ಲ.

ಹದ ಕಲಿಸೋದರಲ್ಲಿ ಮಾತ್ರ ಈ ಆಚಾರ್ರಂಥವರು ನನಗೆ ಬೇರೆ ಕಡೆ ಸಿಕ್ಕಿಲ್ಲ. ಹದ ಹಾಕೋ ದಿನ ಬಾಗಿಲು ಅರ್ಧ ಮುಚ್ಚಿಸುತ್ತಾರೆ, ಬೆಳಕು ಜಾಸ್ತಿ ಇದ್ದರೆ ಕೆಂಪಿನ ಬಣ್ಣ ಸರಿಯಾಗಿ ಕಾಣಲ್ಲ. ಸುಮಾರು 770 ಡಿಗ್ರಿ ದಾಟಿದರೆ ಕಬ್ಬಿಣ ಅಯಸ್ಕಾಂತಕ್ಕೆ ಅಂಟಲ್ಲ. ಅಲ್ಲಿಂದ ಇನ್ನು ಸ್ವಲ್ಪ ಕಾಯಿಸಿ, ಬೆಚ್ಚಗೆ ಮಾಡಿಟ್ಟ ಹೊಂಗೆ ಎಣ್ಣೆಯಲ್ಲಿ ಅದ್ದಬೇಕು. ನಾನು ಒಮ್ಮೆ ಆತುರಪಟ್ಟು ನೀರಿಗೆ ಅದ್ದಿದೆ. ಟಿಣ್ ಅಂತ ಸಣ್ಣ ಸದ್ದು ಬಂತು, ನಾಲ್ಕು ದಿನದ ಕೆಲಸ ಸೀಳು ಬಿಟ್ಟಿತು. ಆಚಾರ್ರು ಬೈಯಲಿಲ್ಲ, ಆ ತುಂಡನ್ನ ನನ್ನ ಕಣ್ಣಿಗೆ ಬೀಳೋ ಹಾಗೆ ಗೋಡೆಗೆ ನೇತುಹಾಕಿದರು.

ಎಣ್ಣೆಯಿಂದ ತೆಗೆದಾಗ ಅರ ಹಾಕಿದರೆ ಕೊರೆಯದೆ ಜಾರಬೇಕು, ಆಗ ಗಡುಸಾಗಿದೆ ಅಂತ ಅರ್ಥ. ಆದರೆ ಹಾಗೇ ಬಿಟ್ಟರೆ ಕೆಳಗೆ ಬಿದ್ದರೂ ಮುರಿಯುತ್ತೆ. ಅದಕ್ಕೆ ಕಲ್ಲಲ್ಲಿ ಉಜ್ಜಿ ಬೆಳ್ಳಗೆ ಮಾಡಿ, ಕಾದ ದಪ್ಪ ಸರಳಿನ ಮೇಲೆ ಚಾಕುವಿನ ಬೆನ್ನು ಇಟ್ಟು ನಿಧಾನಕ್ಕೆ ಮತ್ತೆ ಕಾಯಿಸುತ್ತಾರೆ. ಆಗ ಬೆನ್ನಿನಿಂದ ಬಾಯಿ ಕಡೆಗೆ ಬಣ್ಣ ಹರಿಯುತ್ತೆ: ಮೊದಲು ಒಣ ಹುಲ್ಲಿನ ಬಣ್ಣ, ಅದರ ಹಿಂದೆ ಕಂದು, ನೇರಳೆ, ನೀಲಿ. ಅಡುಗೆ ಚಾಕು ಆದರೆ ಬಾಯಿಗೆ ಹುಲ್ಲಿನ ಬಣ್ಣ ಬಂದ ಕೂಡಲೇ, ಅಂದರೆ ಸುಮಾರು 230 ಡಿಗ್ರಿಗೆ, ನೀರಿಗೆ ಹಾಕಬೇಕು. ಮಚ್ಚಿಗೆ ಪೆಟ್ಟು ತಡೆಯೋ ಶಕ್ತಿ ಬೇಕು, ಅದನ್ನ ನೇರಳೆವರೆಗೂ ಬಿಡುತ್ತಾರೆ. "ಕಣ್ ತೆಗೀಬ್ಯಾಡ, ಓಡೋಯ್ತದೆ" ಅಂತ ಆಚಾರ್ರು ಎಷ್ಟು ಸಲ ಹೇಳಿದ್ದಾರೋ. ಹೊತ್ತಿಗೆ ಸರಿಯಾಗಿ ಅದ್ದೋದು ನನ್ನ ಕೈಗೆ ಬರೋಕೆ ಐದು ತಿಂಗಳು ಹಿಡಿಯಿತು.

ಕೊನೇ ಪರೀಕ್ಷೆ ಹೇಗೆ ಗೊತ್ತಾ? ಪೂರ್ತಿ ನಾನೇ ಮಾಡಿದ 8 ಇಂಚಿನ ತರಕಾರಿ ಚಾಕುವನ್ನ ಮಂಡ್ಯದ ಒಂದು ಮೆಸ್‌ನಲ್ಲಿ ಅಡುಗೆ ಮಾಡೋ ಅಕ್ಕನಿಗೆ ಒಂದು ತಿಂಗಳು ಕೊಟ್ಟರು. ವಾಪಸ್ ಬಂದಾಗ ಬಾಯಿ ಚೆನ್ನಾಗಿತ್ತು, ಒಂದು ಮುಕ್ಕೂ ಇರಲಿಲ್ಲ. "ಒದ್ದೆ ಕೈಲಿ ಹಿಡಿ ಜಾರ್ತದೆ ಕಣಣ್ಣಾ" ಅಂದರು ಅಕ್ಕ. ಹಿಡಿ ಬಿಚ್ಚಿ, ಹಿಂದುಗಡೆ ಸ್ವಲ್ಪ ದಪ್ಪ ಬರೋ ಹಾಗೆ ಹೊನ್ನೆ ಮರದಲ್ಲಿ ಹೊಸದು ಮಾಡಿ, ಅರಗು ಹಾಕಿ ಕೂರಿಸಿಕೊಟ್ಟೆ. ಮತ್ತೆ ಹದಿನೈದು ದಿನ ಆದಮೇಲೆ ಅವರು ಚಾಕು ವಾಪಸ್ ಕೊಡಲಿಲ್ಲ, ದುಡ್ಡು ಕಳಿಸಿದರು. ಆಚಾರ್ರು ಆ ದುಡ್ಡನ್ನ ನನ್ನ ಕೈಗೇ ಇಟ್ಟು, ಇನ್ನು ನಿನ್ನ ಕೆಲಸ ನೀನು ನೋಡ್ಕೊಬಹುದು ಅಂದರು.

ಕೊರತೆಗಳನ್ನೂ ಹೇಳಲೇಬೇಕು. ಹೊಗೆ ಜಾಸ್ತಿ, ಕನ್ನಡಕ ಮಾಸ್ಕ್ ಯಾವುದೂ ಅಲ್ಲಿ ಇರಲ್ಲ, ನೀವೇ ತಗೊಂಡು ಹೋಗಿ. ಕೇಳದೆ ಅವರು ಏನೂ ವಿವರಿಸಲ್ಲ. ಡಿಗ್ರಿ ಲೆಕ್ಕ ಎಲ್ಲಾ ನಾನು ಮನೆಗೆ ಬಂದು ಓದಿಕೊಂಡಿದ್ದು. ಫೀಸು ಅಂತ ತಗೊಳ್ಳಲಿಲ್ಲ, ಇದ್ದಿಲು ಮತ್ತು ಪಟ್ಟಿ ಖರ್ಚು ಮಾತ್ರ ನಂದು.

ಚಾಕು ಕೊಳ್ಳೋಕೆ ಹೋಗೋರಿಗೂ ಒಂದು ಮಾತು. ಇದು ಸ್ಟೀಲ್ ಚಾಕು ತರ ಹೊಳೆಯಲ್ಲ. ನಿಂಬೆ, ಹುಣಸೆ ತಾಗಿದರೆ ಕಪ್ಪಾಗುತ್ತೆ, ಒದ್ದೆ ಬಿಟ್ಟರೆ ತುಕ್ಕು ಹಿಡಿಯುತ್ತೆ. ತೊಳೆದ ತಕ್ಷಣ ಒರೆಸಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ. ಮೊಂಡಾದರೆ ರಸ್ತೆ ಬದಿಯ ಮಿಷನ್ ಸಾಣೆಗೆ ಕೊಡಬೇಡಿ. ನೀರು ಹಾಕದೆ ಉಜ್ಜಿ ಬಾಯಿ ನೀಲಿ ಆಯ್ತೋ, ಅಲ್ಲಿಗೆ ಹದ ಹೋಯ್ತು ಅಂತಲೇ ಅರ್ಥ. ಆಯುಧ ಪೂಜೆ ಹಿಂದಿನ ವಾರ ಮತ್ತು ಕಬ್ಬು ಕಟಾವು ಜೋರಾಗಿರೋವಾಗ ಹೋದರೆ ಅವರಿಗೆ ಮಾತಾಡೋಕೂ ಪುರುಸೊತ್ತು ಇರಲ್ಲ, ಬೇರೆ ದಿನ ಬೆಳಿಗ್ಗೆ ಬೇಗ ಹೋಗಿ.