ಲೆಕ್ಕ ಬರೆಯುವ ಹೊತ್ತಿಗೆ ವಾಟ್ಸ್ಆ್ಯಪ್ ಬಿಸಿನೆಸ್ ಎಷ್ಟು ನೆರವಾಗುತ್ತದೆ?

ದಾವಣಗೆರೆಯ ಚೌಕಿಪೇಟೆ, ಮಂಡಿಪೇಟೆಯ ಎಷ್ಟೋ ಅಂಗಡಿಗಳಲ್ಲಿ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿನಲ್ಲಿ ಬಿಲ್ ಎಂಟ್ರಿ ಮಾಡುವವರೇ ಆರ್ಡರ್ ಮೆಸೇಜಿಗೂ ಉತ್ತರ ಕೊಡಬೇಕು. ಎಂಟ್ರಿ ಅರ್ಧಕ್ಕಿರುವಾಗ ಜಗಳೂರಿನಿಂದ ‘ರೇಟ್ ಎಷ್ಟು?’ ಅಂತ ಬರುತ್ತದೆ. ಉತ್ತರ ಕೊಟ್ಟು ತಿರುಗುವಷ್ಟರಲ್ಲಿ ಸರಕಿನ ಬಗೆ ಗುರುತಿಸುವ ಎಚ್‌ಎಸ್‌ಎನ್ ಕೋಡ್ ತಪ್ಪಿರುತ್ತದೆ, ಇಲ್ಲವೇ ಅದೇ ಬಿಲ್ ಎರಡು ಸಲ ಏರಿರುತ್ತದೆ. ಅರ್ಧಕ್ಕೆ ಬಿಟ್ಟ ಕೆಲಸ ಮನಸ್ಸಿನಲ್ಲೇ ಉಳಿದು ಮುಂದಿನದನ್ನು ಕೆಡಿಸುತ್ತದೆಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲೇ ಪ್ರಯೋಗದಿಂದ ತೋರಿಸಿದ್ದಾರೆ. ಪ್ರತಿ ತಿಂಗಳು 11ರೊಳಗೆ ಮಾರಾಟದ ವಿವರವಾದ ಜಿಎಸ್‌ಟಿಆರ್-1 ಸಲ್ಲಿಸುವ ಅಂಗಡಿಗೆ ಇದು ಸಣ್ಣ ನಷ್ಟವಲ್ಲ.

ಪುಕ್ಕಟೆ ಸಿಗುವ ವಾಟ್ಸ್ಆ್ಯಪ್ ಬಿಸಿನೆಸ್ ಆ್ಯಪ್ ಇದಕ್ಕೆ ಒಳ್ಳೆಯ ಮದ್ದು, ಸೆಟ್ಟಿಂಗ್ ಸರಿಯಿದ್ದರೆ ಮಾತ್ರ.

ಮುಖ್ಯವಾದದ್ದು ‘ಅವೇ ಮೆಸೇಜ್’, ಅಂದರೆ ನೀವು ಕೆಲಸದಲ್ಲಿದ್ದಾಗ ತಾನಾಗಿ ಹೋಗುವ ಉತ್ತರ. ಕಸ್ಟಮ್ ಶೆಡ್ಯೂಲ್ ಆರಿಸಿದರೆ ಶುರುವಾಗುವ, ಮುಗಿಯುವ ದಿನಾಂಕ ಮತ್ತು ವೇಳೆ ಕೇಳುತ್ತದೆ. ಅದು ದಿನಾ ತಾನಾಗಿ ಮರುಕಳಿಸುವುದಿಲ್ಲ, ಹೊಸದಾಗಿ ಹಾಕಬೇಕು. ಈ ಆ್ಯಪಿನ ದೊಡ್ಡ ಕೊರತೆ ಇದೇ. ‘ವ್ಯವಹಾರದ ವೇಳೆಯ ಹೊರಗೆ’ ಎಂಬ ಆಯ್ಕೆ ಮರುಕಳಿಸುತ್ತದೆ ನಿಜ, ಆದರೆ ಅದಕ್ಕಾಗಿ ವೇಳೆ ತಿದ್ದಿದರೆ ಅಂಗಡಿ ತೆರೆದಿದ್ದರೂ ಪ್ರೊಫೈಲಿನಲ್ಲಿ ಮುಚ್ಚಿದೆ ಅಂತ ಕಾಣುತ್ತದೆ. ಹರಿಹರದಿಂದ ಹೊರಟ ಗಿರಾಕಿ ಅರ್ಧ ದಾರಿಯಲ್ಲಿ ವಾಪಸ್. ಹಾಗಾಗಿ ಕಸ್ಟಮ್ ಶೆಡ್ಯೂಲೇ ವಾಸಿ.

ಬರಹದಲ್ಲಿ ಗಂಟೆ ಇರಲೇಬೇಕು: ‘ಲೆಕ್ಕದ ಕೆಲಸ ನಡೀತಿದೆ. 1 ಗಂಟೆಗೆ ಉತ್ತರ ಕೊಡ್ತೀವಿ. ಅರ್ಜೆಂಟ್ ಇದ್ರೆ ಫೋನ್ ಮಾಡಿ.’ ಗಂಟೆ ಹೇಳದಿದ್ದರೆ ಜನ ‘ಹಲೋ, ಹಲೋ’ ಕಳಿಸುತ್ತಲೇ ಇರುತ್ತಾರೆ.

ಸದ್ದು ಬೇಡವೆಂದು ನೆಟ್ ಆಫ್ ಮಾಡಬೇಡಿ. ಫೋನಿನಲ್ಲಿ ನೆಟ್ ಇಲ್ಲದಿದ್ದರೆ ಅವೇ ಮೆಸೇಜ್ ಹೋಗುವುದೇ ಇಲ್ಲ. ಆಂಡ್ರಾಯ್ಡ್‌ನ ‘ಡು ನಾಟ್ ಡಿಸ್ಟರ್ಬ್’ ಹಾಕಿ, ಸ್ಟಾರ್ ಮಾಡಿದ ನಂಬರುಗಳಿಗೆ ಮತ್ತು ಮರುಕರೆಗೆ ಅವಕಾಶ ಕೊಡಿ. 15 ನಿಮಿಷದೊಳಗೆ ಅದೇ ನಂಬರಿನಿಂದ ಎರಡನೇ ಕರೆ ಬಂದರೆ ರಿಂಗ್ ಆಗುತ್ತದೆ. ಟ್ಯಾಲಿ ಇರುವ ಕಂಪ್ಯೂಟರಿನಲ್ಲೇ ವಾಟ್ಸ್ಆ್ಯಪ್ ವೆಬ್ ತೆರೆದಿಟ್ಟರೆ ಇಷ್ಟೆಲ್ಲ ವ್ಯರ್ಥ, ಆ ಟ್ಯಾಬ್ ಮುಚ್ಚಿ.

ಕ್ವಿಕ್ ರಿಪ್ಲೈ, ಅಂದರೆ ಮೊದಲೇ ಬರೆದಿಟ್ಟ ಉತ್ತರ, 50ರವರೆಗೆ ಉಳಿಸಬಹುದು. ಬ್ಯಾಂಕ್ ವಿವರ, ಜಿಎಸ್‌ಟಿ ನಂಬರ್, ಲಾರಿ ಆಫೀಸಿನ ವಿಳಾಸಕ್ಕೆ ಸೊಗಸು. ದರ ಮಾತ್ರ ಇಡಬೇಡಿ, ಹಳೇ ದರ ಹೋದರೆ ಜಗಳ. ಚಾಟ್ ಗುರುತಿಸುವ ಲೇಬಲ್ ಕೈಯಾರೆ ಹಚ್ಚಬೇಕು, ‘ಪೇಮೆಂಟ್ ಬಾಕಿ’ ಒಂದೇ ಸಾಕು.

ಅಂಗಡಿಯಲ್ಲಿ ಇನ್ನೊಬ್ಬರಿದ್ದರೆ ಇದಕ್ಕಿಂತ ಒಳ್ಳೆಯ ದಾರಿಯಿದೆ. ಒಂದೇ ಖಾತೆಗೆ 4 ಸಾಧನ ಲಿಂಕ್ ಆಗುತ್ತವೆ. ಕೌಂಟರಿನವರ ಫೋನಿಗೆ ಲಿಂಕ್ ಮಾಡಿ, ಲೆಕ್ಕದ ಹೊತ್ತಿನ ಮೆಸೇಜ್ ಪೂರ್ತಿ ಅವರಿಗೇ ಬಿಡಿ. ಮುಖ್ಯ ಫೋನನ್ನು 14 ದಿನ ಬಳಸದೇ ಇದ್ದರೆ ಲಿಂಕ್ ಕಡಿದುಹೋಗುತ್ತದೆ, ಅಷ್ಟು ನೋಡಿಕೊಳ್ಳಿ.