ಲಯನ್‌ಫಿಶ್‌ಗೆ ಫ್ರೋಜನ್ ಊಟ ರೂಢಿ ಮಾಡಿಸುವುದು: ನಾಲ್ಕು ದಾರಿ, ಎರಡು ಮೀನು

ಲಯನ್‌ಫಿಶ್ ಹೊಟ್ಟೆಬಾಕ ಎಂದು ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಹಿಂದೂ ಮಹಾಸಾಗರ, ಪೆಸಿಫಿಕ್ ಕಡೆಯ ಈ ಮೀನು 1985ರಲ್ಲಿ ಅಮೆರಿಕದ ಫ್ಲಾರಿಡಾ ತೀರದಲ್ಲಿ ಕಾಣಿಸಿಕೊಂಡಿತು. ಅಕ್ವೇರಿಯಂ ಇಟ್ಟವರು ಯಾರೋ ಬಿಟ್ಟಿರಬೇಕು ಅಂತಾರೆ. ಈಗ ಕೆರಿಬಿಯನ್ ಸಮುದ್ರದ ತುಂಬಾ ಹರಡಿದೆ, ಹವಳದ ದಿಬ್ಬಗಳ ಸಣ್ಣ ಮೀನುಗಳನ್ನು ಗುಡಿಸಿ ತಿನ್ನುತ್ತಿದೆ. ಅದೇ ಮೀನು ಹಾಸನದ ನಮ್ಮ ಹಾಲ್‌ಗೆ ಬಂದ ಮೇಲೆ, ಫ್ರೀಜರ್‌ನಿಂದ ತೆಗೆದ ಒಳ್ಳೆ ಸಿಗಡಿಯನ್ನು ಮುಖದ ಮುಂದೆ ಬಿಟ್ಟರೂ ತಿರುಗಿ ನೋಡಲಿಲ್ಲ.

ನನ್ನದು ವೊಲಿಟಾನ್ಸ್. ಕೆಂಪು-ಬಿಳಿ ಪಟ್ಟೆಯದ್ದು, ಬೆಳೆದರೆ ಒಂದಡಿ ದಾಟುವ ಜಾತಿ. ಚಿಕ್ಕಮಗಳೂರಿನ ನನ್ನ ಗೆಳೆಯನ ಹತ್ತಿರ ಇರುವುದು ಫಜಿ ಲಯನ್, ಗೇಣುದ್ದವೂ ಆಗದ ಕುಬ್ಜ ಜಾತಿ. ಇಬ್ಬರೂ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಈ ತಲೆನೋವು ಶುರು ಹಚ್ಚಿಕೊಂಡೆವು. ನಾನು ಇಲ್ಲಿ ಒಂದು ದಾರಿ ನೋಡಿದರೆ ಅವನು ಅಲ್ಲಿ ಇನ್ನೊಂದು ನೋಡುತ್ತಿದ್ದ. ಹಾಗಾಗಿ ಈ ಹೋಲಿಕೆ ಎರಡು ಟ್ಯಾಂಕ್‌ಗಳದ್ದು.

ಮೊದಲು ಒಂದು ವಿಷಯ. ಇದು ರುಚಿಯ ಜಗಳ ಅಲ್ಲ. ಲಯನ್‌ಫಿಶ್ ಹೊಂಚು ಹಾಕುವ ಮೀನು. ಅಗಲವಾದ ರೆಕ್ಕೆ ಬಿಚ್ಚಿ ಬೇಟೆಯನ್ನು ನಿಧಾನಕ್ಕೆ ಮೂಲೆಗೆ ಒತ್ತುತ್ತದೆ. ಹತ್ತಿರ ಬಂದಾಗ ಫಕ್ಕನೆ ಬಾಯಿ ತೆರೆದು, ನೀರಿನ ಸಮೇತ ಒಳಗೆ ಎಳೆದುಕೊಳ್ಳುತ್ತದೆ. ಅದರ ಲೆಕ್ಕದಲ್ಲಿ ಅಲುಗಾಡುವುದೆಲ್ಲ ಊಟ, ಅಲುಗಾಡದ್ದೆಲ್ಲ ಕಲ್ಲು. ವಾಸನೆಯೂ ಗೊತ್ತಾಗುತ್ತದೆ, ಆದರೆ ಅದರ ಸರದಿ ಆಮೇಲೆ. ಹಾಗಾಗಿ ಯಾವ ಬ್ರ್ಯಾಂಡ್ ತರಲಿ ಅನ್ನುವ ಪ್ರಶ್ನೆಗಿಂತ, ಸತ್ತದ್ದನ್ನು ಹೇಗೆ ಓಡಿಸಲಿ ಅನ್ನುವುದೇ ದೊಡ್ಡದು.

ಇನ್ನೊಂದು, ನಮ್ಮ ಊರುಗಳಿಗೆ ಮಾತ್ರ ಸಂಬಂಧಪಟ್ಟದ್ದು. ಮಂಗಳೂರಿನವರಿಗೆ ಟ್ಯಾಂಕ್ ಬಿಸಿಯಾಗುವ ಚಿಂತೆ. ನಮಗೆ ಉಲ್ಟಾ. ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಕರೆಂಟ್ ಹೋಗಿ ಹೀಟರ್ ನಿಂತರೆ ನೀರು ಬೇಗ ತಣ್ಣಗಾಗುತ್ತದೆ, ಮೀನಿನ ಹಸಿವೂ ಇಳಿಯುತ್ತದೆ. 25-26 ಡಿಗ್ರಿ ಇಲ್ಲದಿದ್ದರೆ ಯಾವ ದಾರಿಯೂ ನಡೆಯಲ್ಲ. ಅಮೋನಿಯಾ, ಉಪ್ಪಿನಂಶ ನೋಡಿಕೊಂಡೇ ಶುರು ಮಾಡಿ. ನೀರು ಕೆಟ್ಟಾಗ ಊಟ ಬಿಟ್ಟ ಮೀನನ್ನು ಹಟಮಾರಿ ಅನ್ನುವುದು ನ್ಯಾಯ ಅಲ್ಲ ಅಲ್ವಾ?

ಈಗ ದಾರಿಗಳು.

ಎಲ್ಲರೂ ಮೊದಲು ಹೇಳುವುದು, "ಸುಮ್ನೆ ಉಪವಾಸ ಕೆಡವಿ, ಹಸಿದರೆ ತಾನೇ ತಿನ್ನುತ್ತೆ." ಈ ಮಾತಿಗೆ ಒಂದು ಆಧಾರ ಇದೆ. ಲಯನ್‌ಫಿಶ್‌ಗಳನ್ನು 12 ವಾರ ಊಟವಿಲ್ಲದೆ ಇಟ್ಟು ನೋಡಿದ ಪ್ರಯೋಗ ಇದೆ. ಅವು ಕಳೆದುಕೊಂಡದ್ದು ಮೈತೂಕದ ಸುಮಾರು ನೂರಕ್ಕೆ 5ರಿಂದ 16 ಪಾಲು ಅಷ್ಟೇ. ಹೊಟ್ಟೆಯೂ ರಬ್ಬರ್ ಚೀಲದ ಹಾಗೆ, 30 ಪಟ್ಟು ಹಿಗ್ಗಬಲ್ಲದು. ಸಿಕ್ಕಾಗ ಸಿಕ್ಕಾಪಟ್ಟೆ ತಿಂದು, ಸಿಗದಾಗ ಸುಮ್ಮನಿರುವ ಪ್ರಾಣಿ. ಆದರೆ ಆ ಲೆಕ್ಕ ಗಟ್ಟಿಮುಟ್ಟಾದ ಮೀನಿಗೆ. ಸಮುದ್ರದಲ್ಲಿ ಹಿಡಿದು, ಚೀಲದಲ್ಲಿ ಕಟ್ಟಿ, ಎರಡು ಮೂರು ಕೈ ದಾಟಿ ನಮ್ಮ ಮನೆಗೆ ಬರುವ ಮೀನು ಆಗಲೇ ಎಷ್ಟು ಕಾಲ ಉಪವಾಸ ಇತ್ತೋ ಯಾರಿಗೆ ಗೊತ್ತು. ತಲೆಯ ಹಿಂದೆ ಬೆನ್ನು ಗುಳಿ ಬಿದ್ದಿದ್ದರೆ, ಹೊಟ್ಟೆ ಒಳಕ್ಕೆ ಸೇರಿದ್ದರೆ ಈ ದಾರಿ ಬೇಡವೇ ಬೇಡ. ಹೊಟ್ಟೆ ತುಂಬಿದ ಮೀನಿಗೆ ಒಂದು ವಾರ ಕಾಯಿಸುವುದು ಸರಿ. ಆದರೆ ಇದು ದಾರಿ ಅಲ್ಲ, ಬೇರೆ ದಾರಿಗಳಿಗೆ ತಯಾರಿ. ಉಪವಾಸ ಮೀನಿಗೆ ಹಸಿವು ಕೊಡುತ್ತದೆ, ಸಿಗಡಿ ಅಂದರೆ ಊಟ ಅನ್ನುವುದನ್ನು ಕಲಿಸಲ್ಲ.

ಎರಡನೆಯದು ಜೀವಂತ ಮೀನು ಹಾಕುತ್ತಾ ಹಾಕುತ್ತಾ ಬದಲಿಸುವುದು. ಇದನ್ನು ಚಿಕ್ಕಮಗಳೂರಿನಲ್ಲಿ ಗೆಳೆಯ ನೋಡಿದ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ಸಣ್ಣ ಗೋಲ್ಡ್‌ಫಿಶ್. ಅದನ್ನು ದಯವಿಟ್ಟು ಹಾಕಬೇಡಿ. ಗೋಲ್ಡ್‌ಫಿಶ್‌ನಲ್ಲಿ ಥಯಾಮಿನೇಸ್ ಎಂಬ ಅಂಶ ಇರುತ್ತದೆ. ಅದು ವಿಟಮಿನ್ ಬಿ1 ಅನ್ನು ಹಾಳು ಮಾಡುತ್ತದೆ. ಫ್ರೀಜ್ ಮಾಡಿದರೂ ಹೋಗಲ್ಲ. ಸಿಹಿನೀರಿನ ಮೀನಿನ ಕೊಬ್ಬೂ ಸಮುದ್ರದ ಮೀನಿನ ಕೊಬ್ಬಿನಂತಲ್ಲ. ತಿಂಗಳುಗಟ್ಟಲೆ ಅದನ್ನೇ ತಿಂದ ಲಯನ್‌ಫಿಶ್ ಹೊರಗೆ ದುಂಡಗೆ ಕಂಡರೂ ಒಳಗೆ ಯಕೃತ್ತು ಕೆಟ್ಟಿರುತ್ತದೆ.

ಅದಕ್ಕಿಂತ ಮೋಲಿ, ಗಪ್ಪಿ ವಾಸಿ. ನಿಧಾನಕ್ಕೆ ಉಪ್ಪುನೀರಿಗೆ ಒಗ್ಗಿಸಿದರೆ ಅಲ್ಲೇ ಬದುಕುತ್ತವೆ, ಮನೆಯಲ್ಲೇ ಮರಿ ಹಾಕುತ್ತವೆ. ಸೊಳ್ಳೆ ಮರಿ ತಿನ್ನಲಿ ಎಂದು ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಬಿಡುವುದೂ ಗಪ್ಪಿ, ಗ್ಯಾಂಬೂಸಿಯಾಗಳನ್ನೇ. ಗೆಳೆಯನ ಫಜಿ ಮೋಲಿ ಮರಿಗಳನ್ನು ಖುಷಿಯಿಂದ ತಿಂದಿತು. ತೊಂದರೆ ಬಂದದ್ದು ಆಮೇಲೆ. ಜೀವಂತ ಮೀನಿಗೂ ಸತ್ತ ಮೀನಿಗೂ ನಡುವೆ ಮೆಟ್ಟಿಲೇ ಇಲ್ಲ. ಮೋಲಿ ಜೋರಾಗಿ ಓಡುತ್ತದೆ. ಅದನ್ನು ಅಟ್ಟಿಸಿ ಹಿಡಿದು ರೂಢಿಯಾದ ಮೀನಿಗೆ ಕಡ್ಡಿ ತುದಿಯಲ್ಲಿ ತೂಗಾಡುವ ಮೀನು ಪೂರಾ ನಾಟಕ ಅನ್ನಿಸುತ್ತದೋ ಏನೋ, ದುರುಗುಟ್ಟಿ ನೋಡಿ ಬಂಡೆ ಹಿಂದೆ ಹೋಗುತ್ತಿತ್ತು. "ಲೋ, ನಾನು ಮೋಲಿ ಫಾರಂ ಶುರು ಮಾಡ್ದಂಗಾಯ್ತು ಕಣೋ" ಎಂದು ಫೋನ್‌ನಲ್ಲಿ ಬೈದುಕೊಂಡ. ಸಾಯುವ ಸ್ಥಿತಿಯ ಮೀನನ್ನು ಬದುಕಿಸಿಕೊಳ್ಳಲು ಈ ದಾರಿ ಒಳ್ಳೆಯದು. ಫ್ರೋಜನ್‌ಗೆ ತಿರುಗಿಸಲು ಅಲ್ಲ.

ಮೂರನೆಯದು ನೇರವಾಗಿ ಕಡ್ಡಿಗೆ ಚುಚ್ಚಿ ಆಡಿಸುವುದು. ನಾನು ಹಾಸನದ ಮೀನು ಮಾರ್ಕೆಟ್‌ನಿಂದ ಬೆರಳುದ್ದದ ಸಮುದ್ರದ ಮೀನು ತಂದು ಫ್ರೀಜ್ ಮಾಡಿಟ್ಟು ಇದನ್ನು ನೋಡಿದೆ. ಧೈರ್ಯದ ಮೀನು ಸಿಕ್ಕರೆ ಇದರಷ್ಟು ಸುಲಭದ ದಾರಿ ಇಲ್ಲ. ವೊಲಿಟಾನ್ಸ್ ಜಾತಿ ಸಾಮಾನ್ಯವಾಗಿ ಜನರಿಗೆ ಬೇಗ ಒಗ್ಗುತ್ತದೆ. ನನ್ನದೂ ಹತ್ತಿರ ಬರುತ್ತಿತ್ತು, ಕಡ್ಡಿಯನ್ನೇ ನೋಡುತ್ತಿತ್ತು, ಒಮ್ಮೊಮ್ಮೆ ಬಾಯಿಗೆ ಹಾಕಿಕೊಂಡು ಉಗಿಯುತ್ತಿತ್ತು. ಉಗಿದದ್ದನ್ನು ಮತ್ತೆ ಮುಟ್ಟುತ್ತಿರಲಿಲ್ಲ. ಇಲ್ಲಿ ಒಂದು ಸೂಕ್ಷ್ಮ ಗಮನಿಸಿದೆ. ಹಿಡಿಯುವ ಮನಸ್ಸು ಬಂದಾಗ ಅದು ಬೇಟೆಯ ಕಡೆಗೆ ಬಾಯಿಂದ ಮೆಲ್ಲಗೆ ನೀರು ಊದುತ್ತದೆ. ಸಮುದ್ರದಲ್ಲೂ ಹೀಗೇ ಮಾಡುತ್ತದಂತೆ, ನೀರಿನ ಸೆಳೆತಕ್ಕೆ ಸಣ್ಣ ಮೀನು ಇದರ ಕಡೆ ಮುಖ ತಿರುಗಿಸಲಿ ಅಂತ. ತಲೆ ಮುಂದಾಗಿ ನುಂಗಿದರೆ ಸಲೀಸು. ಮೀನು ಊದುವಾಗ ಕಡ್ಡಿ ಆಡಿಸುವುದನ್ನು ನಿಲ್ಲಿಸಿ ಒಂದೇ ಒಂದು ಸಲ ಪುಟಕ್ಕನೆ ಹಿಂದಕ್ಕೆ ಎಳೆಯಬೇಕು, ಓಡಿಹೋಗುವಂತೆ. ಜನ ಮಾಡುವುದು ಉಲ್ಟಾ, ಮುಖಕ್ಕೆ ತಿವಿಯುತ್ತಾರೆ. ಯಾವ ಬೇಟೆ ತಾನೇ ಬಂದು ಬಾಯಿಗೆ ನುಗ್ಗುತ್ತದೆ?

ನಾಲ್ಕನೆಯದು ಕೆರೆ ಸಿಗಡಿ. ಇದೇ ಗೆದ್ದದ್ದು. ಎರಡೂ ಮನೆಯಲ್ಲಿ.

ನಮ್ಮ ಸೀಮೆಯ ಕೆರೆಗಳ ಅಂಚಿನಲ್ಲಿ, ಹುಲ್ಲು ಬೇರು ಇರುವ ಕಡೆ ಗಾಜಿನಂತೆ ತೆಳ್ಳಗಿನ ಸಣ್ಣ ಸಿಗಡಿ ಇರುತ್ತವೆ. ಬಲೆ ಹಾಕುವವರನ್ನು ಕೇಳಿದರೆ ಒಂದು ಡಬ್ಬಿ ಕೊಡುತ್ತಾರೆ. ನನಗೆ ಕೊಟ್ಟವರು, "ಸಾರ್, ಇದು ಸಾರಿಗೂ ಸಾಲಲ್ಲ, ಏನ್ ಮಾಡ್ತೀರ?" ಎಂದರು. ಸಿಹಿನೀರಿನ ಸಿಗಡಿ ಉಪ್ಪುನೀರಿಗೆ ಬಿದ್ದರೆ ಸ್ವಲ್ಪ ಹೊತ್ತು ಚಿಮ್ಮಾಡುತ್ತದೆ, ಆಮೇಲೆ ಸುಸ್ತಾಗಿ ತೇಲುತ್ತದೆ, ಕೊನೆಗೆ ಸಾಯುತ್ತದೆ. ನಮಗೆ ಬೇಕಾದ ಮೆಟ್ಟಿಲುಗಳೆಲ್ಲ ಅದರಲ್ಲೇ ಇವೆ. ಮೊದಲು ಮೀನು ಚಿಮ್ಮುವ ಸಿಗಡಿಯನ್ನು ಹಿಡಿಯುತ್ತದೆ. ನಂತರ ಅರೆಜೀವದ್ದನ್ನು. ಅಷ್ಟರಲ್ಲಿ ಸಿಗಡಿಯ ಆಕಾರ, ವಾಸನೆ, ಬಾಯಿಗೆ ಸಿಗುವ ಸಿಪ್ಪೆ ಎಲ್ಲ ಪರಿಚಯ ಆಗಿರುತ್ತದೆ. ಆಗ ಒಂದು ಜೀವಂತ ಸಿಗಡಿ ತಿಂದ ಮರುಕ್ಷಣವೇ, ಮೀನು ಇನ್ನೂ ಹುರುಪಿನಲ್ಲಿ ಇರುವಾಗ, ಕಡ್ಡಿಯ ತುದಿಗೆ ಅಷ್ಟೇ ಗಾತ್ರದ ಫ್ರೋಜನ್ ಸಿಗಡಿ ಚುಚ್ಚಿ ತೋರಿಸಬೇಕು. ನನ್ನದು ಉಗಿಯದೆ ನುಂಗಿದ್ದು ಆಗಲೇ.

ಆಮೇಲೆ ಕೆಲಸ ಬರೀ ತಾಳ್ಮೆಯದ್ದು. ಜೀವಂತದ ಲೆಕ್ಕ ಇಳಿಸುತ್ತಾ ಸತ್ತದ್ದನ್ನು ಹೆಚ್ಚಿಸುತ್ತಾ ಹೋಗುವುದು. ಫಜಿಗೆ ಸಮಯ ಜಾಸ್ತಿ ಹಿಡಿಯಿತು, ಆದರೆ ದಾರಿ ಇದೇ. ಚಿಕ್ಕಮಗಳೂರಿನಲ್ಲಿ ಗೆಳೆಯ ಹುಳು ತಿಂದು ಹೊಟ್ಟೆ ತುಂಬಿದ ಸಿಗಡಿಯನ್ನೇ ಕೊಡುತ್ತಿದ್ದ. ಬರಿಹೊಟ್ಟೆಯ ಸಿಗಡಿಯಲ್ಲಿ ಸತ್ವ ಕಡಿಮೆ, ಆದ್ದರಿಂದ ಅದು ಸರಿಯಾದ ಕೆಲಸ. ಒಂದೇ ಎಚ್ಚರಿಕೆ: ಗದ್ದೆಗೆ, ತೋಟಕ್ಕೆ ಔಷಧಿ ಹೊಡೆಯುವ ಕಾಲದಲ್ಲಿ ಆ ನೀರು ಇಳಿಯುವ ಕೆರೆಯ ಸಿಗಡಿ ಬೇಡ. ಕಾಫಿ ತೋಟದ ಕೆಳಗಿನ ಕೆರೆಗಳಿಗೂ ಇದೇ ಮಾತು.

ಕಡ್ಡಿಯ ವಿಷಯದಲ್ಲೂ ಇಬ್ಬರೂ ಜಗಳ ಆಡಿದ್ದೇವೆ. ಬಿದಿರಿನ ಕಡ್ಡಿ ಅಗ್ಗ, ಆದರೆ ಚೂಪಾದ ತುದಿ ಬಾಯೊಳಗೆ ಹೋದರೆ ಗಾಯ. ತುದಿ ಮೊಂಡು ಮಾಡಿ, ಊಟವನ್ನು ಸಡಿಲವಾಗಿ ಸಿಕ್ಕಿಸಬೇಕು. ಉದ್ದದ ಸ್ಟೀಲ್ ಚಿಮಟ ಗಟ್ಟಿ, ಆದರೆ ಹೊಳೆಯುತ್ತದೆ, ಫಜಿ ಹೆದರಿತು. ನಯವಾದ ಅಕ್ರಿಲಿಕ್ ಕಡ್ಡಿ ನೀರಿನಲ್ಲಿ ಕಾಣುವುದೇ ಇಲ್ಲ. ನನ್ನ ಓಟು ಅದಕ್ಕೆ. ಏನೇ ಹಿಡಿಯಿರಿ, ಉದ್ದ ಇರಲಿ. ಬೆನ್ನಿನ ಮೇಲೆ 13 ಮುಳ್ಳು, ಹೊಟ್ಟೆಯ ಕೆಳಗಿನ ರೆಕ್ಕೆಗಳಲ್ಲೂ ಇವೆ, ಎಲ್ಲದರಲ್ಲೂ ವಿಷ. ಚುಚ್ಚಿದರೆ ಚರ್ಮ ಸುಡದಷ್ಟು ಬಿಸಿನೀರಿನಲ್ಲಿ, ಸುಮಾರು 43ರಿಂದ 45 ಡಿಗ್ರಿ, ಅರ್ಧ ಗಂಟೆ ಮೇಲೆ ಕೈ ಇಟ್ಟುಕೊಂಡರೆ ನೋವು ಇಳಿಯುತ್ತದೆ, ಏಕೆಂದರೆ ಆ ವಿಷ ಬಿಸಿಗೆ ಮುರಿಯುತ್ತದೆ. ನೀರಿನ ಬಿಸಿಯನ್ನು ಚುಚ್ಚದ ಕೈಯಿಂದ ನೋಡಿ. ಮತ್ತೆ ಆಸ್ಪತ್ರೆಗೆ ಹೋಗಲೇಬೇಕು.

ಇನ್ನು ಯಾವ ಫ್ರೋಜನ್? ಬೆಂಗಳೂರಿನ ಅಂಗಡಿಗಳಿಂದ ತರಿಸುವ ಮೈಸಿಸ್, ಅಂದರೆ ಸಿಗಡಿಯಂಥ ತೀರಾ ಸಣ್ಣ ಜೀವಿಯ ಪೊಟ್ಟಣ ಫಜಿಯ ಬಾಯಿಗೆ ಸರಿ, ಬೆಳೆದ ವೊಲಿಟಾನ್ಸ್‌ಗೆ ಅದು ಉಪ್ಪಿನಕಾಯಿಗೂ ಸಾಲದು. ದಾರಿಯಲ್ಲಿ ಐಸ್ ಕರಗಿ ಮತ್ತೆ ಗಟ್ಟಿಯಾದ ಪೊಟ್ಟಣ ಬಂದರೆ ಬಿಸಾಡಬೇಕು. ಕ್ರಿಲ್, ಅದೂ ಸಿಗಡಿಯಂಥ ಸಮುದ್ರದ ಸಣ್ಣ ಜೀವಿಯೇ, ಕೆಂಪಗಿರುತ್ತದೆ, ಮೀನು ಇಷ್ಟಪಡುತ್ತದೆ. ಆದರೆ ಬರೀ ಅದನ್ನೇ ಹಾಕಬಾರದು. ಮಾರ್ಕೆಟ್‌ನ ಸಮುದ್ರದ ಸಿಗಡಿ ಎಲ್ಲಕ್ಕಿಂತ ಅಗ್ಗ. ತಲೆ ಕಪ್ಪಾಗದ್ದನ್ನು ಆರಿಸಿ, ಮೀನಿನ ಎರಡು ಕಣ್ಣಿನ ನಡುವಿನ ಅಗಲಕ್ಕಿಂತ ದೊಡ್ಡದಾಗದಂತೆ ಕತ್ತರಿಸಿ, ಒಂದು ಊಟಕ್ಕೆ ಒಂದು ಪೊಟ್ಟಣದಂತೆ ಫ್ರೀಜ್ ಮಾಡಿಡುತ್ತೇನೆ. ಕೊಡುವ ಮುಂಚೆ ಟ್ಯಾಂಕ್‌ನ ನೀರಿನಲ್ಲೇ ಕರಗಿಸಿ, ಆ ನೀರು ಚೆಲ್ಲಿ, ಎರಡು ಹನಿ ವಿಟಮಿನ್. ಬೆಳೆದ ಮೀನಿಗೆ ವಾರಕ್ಕೆ ಎರಡು ಮೂರು ಸಲ ಸಾಕು. ನಡುನಡುವೆ ಸಣ್ಣ ಸಮುದ್ರ ಮೀನು, ಇಡಿಯಾಗಿ, ಕರುಳು ಮೂಳೆ ಸಮೇತ. ಬೊಂಡಾಸ್ (ಸ್ಕ್ವಿಡ್) ತುಂಡನ್ನು ನನ್ನದು ಈವರೆಗೂ ಒಪ್ಪಿಲ್ಲ. ಅಗಿದ ಹಾಗೆ ಮಾಡಿ ಉಗಿಯುತ್ತದೆ.

ಮಳೆಗಾಲದ ಲೆಕ್ಕ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಮೇಲೆ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗುಡ್ಡ ಕುಸಿದರೆ ಲಾರಿಗಳೂ ಬರಲ್ಲ. ಹಾಗಾಗಿ ಮೇ ತಿಂಗಳಲ್ಲೇ ಫ್ರೀಜರ್ ತುಂಬಿಸುತ್ತೇನೆ. "ರೀ, ಮನೆಯವರಿಗೆ ಬಂಗುಡೆ, ನಿಮ್ಮ ಮೀನಿಗೆ ಸಿಗಡಿನಾ?" ಎಂದು ನನ್ನವಳು ಕೇಳುವುದೂ ಆಗಲೇ. ಈಗ ಎರಡೂ ಕಡೆ ಅರ್ಧರ್ಧ ಎಂದು ರಾಜಿಯಾಗಿದೆ.

ಈಗ ನನ್ನ ಮೀನು ಕಡ್ಡಿ ಇಲ್ಲದೆಯೂ ತಿನ್ನುತ್ತದೆ. ಪಂಪಿನ ನೀರು ಹೊಡೆಯುವ ಕಡೆ ಸಿಗಡಿ ಬಿಟ್ಟರೆ, ಅದು ಉರುಳಿಕೊಂಡು ಬರುವಾಗ ಹಿಡಿಯುತ್ತದೆ. ಗೆಳೆಯನ ಫಜಿಗೆ ಇವತ್ತಿಗೂ ಕಡ್ಡಿಯೇ ಬೇಕು, ಮರಳಿಗೆ ಬಿದ್ದದ್ದನ್ನು ಮುಟ್ಟಲ್ಲ. ಅವನು ಊರು ಬಿಡಬೇಕಾದರೆ ತಮ್ಮನನ್ನು ಕೂರಿಸಿಕೊಂಡು ಕಡ್ಡಿ ಎಳೆಯುವುದನ್ನು ಹೇಳಿಕೊಟ್ಟೇ ಹೋಗುತ್ತಾನೆ.