ಬಿಸಿಲೇರಿದ ಮೇಲೆ ಕುಂತಿ ಬೆಟ್ಟ ಹತ್ತಿಸುವವರ ಜೊತೆ ಹೋಗಬೇಡಿ

ಪಾಂಡವಪುರದ ಕುಂತಿ ಬೆಟ್ಟವಿರಲಿ, ಶ್ರೀರಂಗಪಟ್ಟಣದ ಕರಿಘಟ್ಟವಿರಲಿ, ಮಾರ್ಚ್‌ನಿಂದ ಮೇ ಕೊನೆಯವರೆಗೆ ಬಿಸಿಲೇರಿದ ಮೇಲೆ ಹತ್ತಬೇಡಿ. ಹಣ ಕಟ್ಟಿಸಿಕೊಂಡು ಕರೆದೊಯ್ಯುವವರು "ಚಿಕ್ಕ ಬೆಟ್ಟ, ಹೀಗೆ ಹೋಗಿ ಹಾಗೆ ಬರುವುದು" ಎಂದರೆ ನಂಬಬೇಡಿ. ಆ ಮಾತು ನಂಬಿ ಹೋದ ನನ್ನ ಅಕ್ಕನ ಮಗ ಸಾವಿನ ಬಾಯಿಗೆ ಹೋಗಿ ಬಂದಿದ್ದಾನೆ. ನಾನು ಜೊತೆಯಲ್ಲೇ ಇದ್ದೆ. ಕಣ್ಣಾರೆ ಕಂಡದ್ದನ್ನು ಬರೆಯುತ್ತಿದ್ದೇನೆ.

ಮೈಸೂರಿನಿಂದ ವಾರಾಂತ್ಯದ ಚಾರಣ ನಡೆಸುವ ತಂಡವೊಂದು ಏಪ್ರಿಲ್‌ನಲ್ಲಿ ಕುಂತಿ ಬೆಟ್ಟಕ್ಕೆ ಜನರನ್ನು ಸೇರಿಸಿತ್ತು. ಬೆಳಿಗ್ಗೆ ಆರಕ್ಕೆ ಹೊರಡುವುದಾಗಿ ಹೇಳಿದ್ದರು. ಕೆಲವರು ಬರುವುದು ತಡವಾಯಿತೆಂದು ವ್ಯಾನು ಹೊರಟಾಗಲೇ ಎಂಟು ದಾಟಿತ್ತು. ದಾರಿಯಲ್ಲಿ ತಿಂಡಿ, ಫೋಟೊ ಎಲ್ಲ ಮುಗಿಸಿ ಬೆಟ್ಟದ ಬುಡ ತಲುಪಿದಾಗ ಹತ್ತು ಗಂಟೆ ಮೀರಿತ್ತು. ಹೊತ್ತಾಯಿತಲ್ಲ, ಇನ್ನೊಂದು ದಿನ ಬರೋಣ ಎಂದು ಒಂದಿಬ್ಬರು ಹೇಳಿದರು. ಮುಂದಾಳು ನಕ್ಕು, ತಲೆಗೊಂದು ಲೀಟರ್ ನೀರಿನ ಬಾಟಲಿ ಕೊಟ್ಟು, "ಇಷ್ಟು ಸಾಕು" ಎಂದರು.

ಕುಂತಿ ಬೆಟ್ಟ ಹೋಗಿ ಬಂದವರಿಗೆ ಗೊತ್ತು, ಅದು ಬರಿಯ ಬಂಡೆ. ಮೇಲಿನ ಅರ್ಧದಲ್ಲಿ ಹೇಳಿಕೊಳ್ಳುವಂಥ ನೆರಳಿಲ್ಲ. ಹವಾಮಾನ ವರದಿಯಲ್ಲಿ 36 ಡಿಗ್ರಿ ಎಂದು ಓದುತ್ತೇವಲ್ಲ, ಅದು ನೆರಳಿನಲ್ಲಿ ಅಳೆದ ಗಾಳಿಯ ಬಿಸಿ. ಬಂಡೆಯ ಮೇಲೆ ನಿಂತವನಿಗೆ ಮೇಲಿನಿಂದ ಸೂರ್ಯ, ಕೆಳಗಿನಿಂದ ಕಾದ ಕಲ್ಲು, ಒಳಗಿನಿಂದ ದುಡಿಯುವ ಸ್ನಾಯುಗಳು, ಮೂರೂ ಶಾಖ ತುಂಬುತ್ತವೆ. ಸುತ್ತಲಿನ ಗಾಳಿ ಚರ್ಮಕ್ಕಿಂತ ಬಿಸಿಯಾಗಿಬಿಟ್ಟರೆ ಆ ಶಾಖ ಹೊರಹೋಗಲು ಉಳಿಯುವುದು ಬೆವರು ಆರುವ ದಾರಿಯೊಂದೇ. ಅದು ಸಾಲದೆ ಹೋದಾಗ ದೇಹದ ಒಳಗಿನ ಉಷ್ಣತೆ 40 ಡಿಗ್ರಿ ದಾಟಿ ಮಿದುಳು ತಪ್ಪಲು ಶುರುವಾಗುತ್ತದೆ. ಇದೇ ಶಾಖಾಘಾತ.

ನೆತ್ತಿಯ ಮೇಲೆ ಸೂರ್ಯ ಬಂದ ಹೊತ್ತಿಗೆ ನಾವು ಬೋಳು ಬಂಡೆಯ ಮೇಲಿದ್ದೆವು. ಮುಂದಾಳು ಎಲ್ಲರನ್ನೂ ಅಲ್ಲೇ ನಿಲ್ಲಿಸಿ ಕುಂತಿ ಇಲ್ಲಿ ಮಕ್ಕಳೊಡನೆ ತಂಗಿದ್ದ ಕಥೆ ಹೇಳಿದರು. ಹೈದರ್, ಟಿಪ್ಪು ಕಾಲದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರಿದ್ದದ್ದನ್ನೂ ವಿವರಿಸಿದರು. ಕೇಳಲು ಚೆನ್ನಾಗಿಯೇ ಇತ್ತು, ಆದರೆ ಬೂಟಿನ ಅಡಿಯಿಂದ ಕಾವು ಪಾದಕ್ಕೆ ತಾಗುತ್ತಿತ್ತು. ಕುಳಿತುಕೊಳ್ಳಲು ಕೈ ಊರಿದ ಹುಡುಗಿಯೊಬ್ಬಳು ಚೀರಿ ಕೈ ಹಿಂದೆಗೆದಳು. ಬಂಡೆ ಕಾದ ಕಾವಲಿಯಂತಾಗಿತ್ತು.

ನನ್ನ ಸೋದರಳಿಯ ಇಪ್ಪತ್ತರ ಹುಡುಗ, ದಿನವೂ ಓಡುವವನು. ಅವನಲ್ಲಿ ಮೊದಲು ಕಂಡದ್ದು ಸಿಟ್ಟು. ನೀರು ಕುಡಿ ಎಂದರೆ ರೇಗಿದ. ಇಳಿಯುವಾಗ "ಮಾವ, ವ್ಯಾನು ಎಲ್ಲಿ ನಿಲ್ಲಿಸಿದ್ದಾರೆ?" ಎಂದು ಕೇಳಿದ. ಹೇಳಿದೆ. ನಾಲ್ಕು ಹೆಜ್ಜೆ ಇಟ್ಟು ಅದನ್ನೇ ಕೇಳಿದ. ಮತ್ತೆ ಕೇಳಿದ. ಬಾಟಲಿಯ ಮುಚ್ಚಳ ತಿರುಗಿಸಲು ಬೆರಳುಗಳು ಏಳುತ್ತಿರಲಿಲ್ಲ. ನಾನು ಮುಂದಾಳುವನ್ನು ಕೂಗಿ ಕರೆದರೆ, "ಬೆವರು ಸುರಿಯುತ್ತಿದೆಯಲ್ಲ ಸರ್, ಬಿಸಿಲು ಹೊಡೆದಿದ್ದರೆ ಬೆವರು ನಿಂತುಹೋಗುತ್ತದೆ, ಇದು ಬರಿಯ ಸುಸ್ತು" ಎಂದರು. ಎಲ್ಲರೂ ಇದನ್ನು ನೆನಪಿಡಬೇಕು: ಶ್ರಮದಿಂದ ಬರುವ ಶಾಖಾಘಾತದಲ್ಲಿ ಮೈ ತೊಯ್ದಿರುವಂತೆಯೇ ಮನುಷ್ಯ ಬೀಳಬಹುದು. ನೋಡಬೇಕಾದದ್ದು ಮಾತು ಮತ್ತು ನಡಿಗೆ. ತೊದಲಿದರೆ, ತೂರಾಡಿದರೆ, ಕೇಳಿದ್ದನ್ನೇ ಕೇಳಿದರೆ ಅದು ಸುಸ್ತಿನ ಮಟ್ಟವನ್ನು ದಾಟಿದೆ.

ಬುಡ ಮುಟ್ಟುತ್ತಲೇ ಅವನು ಕುಸಿದು ನಡುಗತೊಡಗಿದ. ಯಾರೋ "ಫಿಟ್ಸ್" ಎಂದರು. ಇನ್ನಾರೋ ಕೈಗೆ ಬೀಗದ ಕೈ ಗೊಂಚಲು ತುರುಕಿದರು. ಮತ್ತೊಬ್ಬರು, ಬೆಟ್ಟದಲ್ಲಿ ಗಾಳಿ ಸೋಂಕಿರಬೇಕು, ದೇವಸ್ಥಾನದ ಕುಂಕುಮ ಹಚ್ಚಿ ಎಂದರು. ಮುಂದಾಳು ಫೋನು ಹಿಡಿದು ಅತ್ತಿತ್ತ ಓಡಾಡುತ್ತಿದ್ದರು. ಪಕ್ಕದ ಕಬ್ಬಿನ ಗದ್ದೆಯಿಂದ ಬಂದ ರೈತರೊಬ್ಬರು ಮೈ ಮುಟ್ಟಿದವರೇ, "ಏನು ಸ್ವಾಮಿ ನೋಡುತ್ತಾ ನಿಂತಿದ್ದೀರಿ, ಮೈ ಕೆಂಡವಾಗಿದೆ, ಎತ್ತಿ ತೊಟ್ಟಿಗೆ ಬಿಡಿ" ಎಂದು ಗದರಿದರು. ಪುಣ್ಯಕ್ಕೆ ಅದು ತ್ರೀ ಫೇಸ್ ಕರೆಂಟು ಇದ್ದ ಹೊತ್ತು, ಪಂಪ್‌ಸೆಟ್ ಓಡುತ್ತಿತ್ತು. ಅಂಗಿ, ಬೂಟು ಕಿತ್ತು ಅವನನ್ನು ಕತ್ತಿನವರೆಗೆ ತೊಟ್ಟಿಯ ನೀರಿನಲ್ಲಿ ಕೂರಿಸಿದೆವು. ನಾನು ಹಿಂದಿನಿಂದ ತಲೆ ಹಿಡಿದುಕೊಂಡಿದ್ದೆ, ಆ ರೈತರು ನೆತ್ತಿಗೆ ಚೊಂಬಿನಲ್ಲಿ ನೀರು ಹೊಯ್ಯುತ್ತಲೇ ಇದ್ದರು. 108 ಬರುವಷ್ಟರಲ್ಲಿ ಅವನು ಕಣ್ಣು ಬಿಟ್ಟು, ಚಳಿ ಎಂದ.

ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳಿದ್ದೇ ತಣ್ಣಗೆ ಮಾಡಿದ್ದು ಯಾರು ಎಂದು. ಮೊದಲು ತಣಿಸಬೇಕು, ಆಮೇಲೆ ಸಾಗಿಸಬೇಕು. ಮಿದುಳಿಗೆ, ಮೂತ್ರಪಿಂಡಕ್ಕೆ ಆಗುವ ಹಾನಿ ಮೈ ಎಷ್ಟು ಹೊತ್ತು ಬಿಸಿಯಾಗಿತ್ತು ಎಂಬುದರ ಮೇಲೆ ನಿಂತಿದೆ ಎಂದರು. ಅಷ್ಟಾದರೂ ಅವನ ಸ್ನಾಯುಗಳು ಒಡೆದು ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿತ್ತು. ಮೂತ್ರಪಿಂಡ ಸುಧಾರಿಸುವವರೆಗೆ ಅಕ್ಕ ಅನ್ನ ಮುಟ್ಟಲಿಲ್ಲ.

ಅಂದು ಅವನು ಬಂಡೆಯ ಮೇಲೆ ಒಂಟಿಯಾಗಿ ಬಿದ್ದಿದ್ದರೆ ಏನೆನ್ನುತ್ತಿದ್ದರು? ಗಾಯವಿಲ್ಲ, ಹಾವು ಕಚ್ಚಿದ ಗುರುತಿಲ್ಲ, ಗಟ್ಟಿಮುಟ್ಟಾದ ಹುಡುಗ. ಬೆಟ್ಟದಲ್ಲಿ ನಿಗೂಢ ಸಾವು ಎಂದು ಸುದ್ದಿಯಾಗುತ್ತಿತ್ತು. ಶಾಖದಿಂದ ಸತ್ತವರ ಶವಪರೀಕ್ಷೆಯಲ್ಲಿ ಇದೇ ಕಾರಣ ಎಂದು ಬೆರಳಿಟ್ಟು ತೋರಿಸುವ ಗುರುತು ಸಿಗುವುದಿಲ್ಲ, ಬೇರೆಲ್ಲ ಕಾರಣಗಳನ್ನು ತಳ್ಳಿಹಾಕಿ ಅಲ್ಲಿಗೆ ಬರಬೇಕಾಗುತ್ತದೆ. 2021ರ ಆಗಸ್ಟ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿಪೋಸಾ ಕೌಂಟಿಯಲ್ಲಿ ಗಂಡ, ಹೆಂಡತಿ, ಒಂದು ವರ್ಷದ ಮಗು, ಅವರ ನಾಯಿ, ಎಲ್ಲರೂ ಚಾರಣದ ಹಾದಿಯಲ್ಲಿ ಸತ್ತು ಸಿಕ್ಕಿದ್ದರು. ಯಾರ ಮೈಮೇಲೂ ಗಾಯವಿರಲಿಲ್ಲ. ಹಳೆಯ ಗಣಿಯ ವಿಷಾನಿಲವೇ, ನದಿಯ ವಿಷಪಾಚಿಯೇ, ಸಿಡಿಲೇ ಎಂದು ತನಿಖೆ ನಡೆಯಿತು. ಅಕ್ಟೋಬರ್‌ನಲ್ಲಿ ಬಂದ ಉತ್ತರ ವಿಪರೀತ ಶಾಖ. ಕಾಡ್ಗಿಚ್ಚಿನಲ್ಲಿ ಮರಗಳು ಸುಟ್ಟು ನೆರಳೇ ಇಲ್ಲದ ಏರುದಾರಿ, 42 ಡಿಗ್ರಿ ದಾಟಿದ ಬಿಸಿ, ಖಾಲಿಯಾಗಿದ್ದ ಸುಮಾರು 2.5 ಲೀಟರ್‌ನ ನೀರಿನ ಚೀಲ, ಸಿಗ್ನಲ್ ಸಿಗದ ಫೋನು. ಇವುಗಳಲ್ಲಿ ಯಾವುದು ನಮ್ಮ ಬೆಟ್ಟಗಳಿಗೆ ಹೊಸದು?

ಪಾಚಿಯ ವಿಷಯವನ್ನೂ ಹೇಳಿಬಿಡುತ್ತೇನೆ. ನೀರು ಮುಗಿದಾಗ ನಮ್ಮ ಗುಂಪಿನ ಹುಡುಗರು ಕೊಳದ ನೀರನ್ನು ಬಾಟಲಿಗೆ ತುಂಬಲು ಹೊರಟಿದ್ದರು. ಬೇಸಿಗೆಯ ನಿಂತ ನೀರಿನ ಮೇಲೆ ಹಸಿರು ಬಣ್ಣ ಕದಡಿದಂತೆ ಕೆನೆಗಟ್ಟಿದ್ದರೆ ಅದರಲ್ಲಿ ನೀಲಿ-ಹಸಿರು ಪಾಚಿಯ ವಿಷ ಇರಬಹುದು. ಕುದಿಸಿದರೂ ಆ ವಿಷ ಹೋಗುವುದಿಲ್ಲ. ಬಂಡೆಯ ಚಾಚಿನ ಕೆಳಗೆ ಕಪ್ಪಗೆ ಜೋತುಬಿದ್ದ ಹೆಜ್ಜೇನು ಕಂಡರೆ ಸದ್ದು ಮಾಡದೆ ಹಿಂದಿರುಗಿ. ಕಲ್ಲು, ಹೊಗೆ ಎರಡೂ ಬೇಡ. ಒಂದು ಕುಟುಕಿದರೆ ಆ ವಾಸನೆಗೆ ಉಳಿದವು ಮುತ್ತುತ್ತವೆ. ಆಗ ಮುಖ ಮುಚ್ಚಿಕೊಂಡು ಓಡಬೇಕು, ನಿಲ್ಲಬಾರದು.

ಶಾಖಾಘಾತವಾದವರಿಗೆ ಪ್ಯಾರಾಸಿಟಮಾಲ್ ಕೊಡಬೇಡಿ, ಅದು ಈ ಬಿಸಿಯನ್ನು ಇಳಿಸುವುದಿಲ್ಲ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಬಿಡಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ತೊಟ್ಟಿಯೋ ಕಾಲುವೆಯೋ ಹತ್ತಿರವಿಲ್ಲದಿದ್ದರೆ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಇರುವ ನೀರನ್ನೆಲ್ಲ ಮೈಮೇಲೆ ಸುರಿದು ಟವೆಲಿನಿಂದ ಗಾಳಿ ಬೀಸಿ. ಆಂಬುಲೆನ್ಸ್ ಒಳಗೂ ನಿಲ್ಲಿಸಬೇಡಿ.

ಆ ತಂಡದವರು ಆಸ್ಪತ್ರೆಗೆ ಬರಲಿಲ್ಲ. ಫೋನು ಮಾಡಿದಾಗ, ಆರೋಗ್ಯದ ಹೊಣೆ ಚಾರಣಿಗರದೇ ಎಂದು ನಮೂನೆಯಲ್ಲಿ ಸಹಿ ಹಾಕಿಸಿಕೊಂಡಿದ್ದೇವಲ್ಲ ಎಂದರು. ಅವರ ಬೇಸಿಗೆಯ ಪಟ್ಟಿ ಇನ್ನೂ ಓಡಾಡುತ್ತಿದೆ, ಅದರಲ್ಲಿ ಮಕ್ಕಳಿಗೆ ಅರ್ಧ ದರವೂ ಇದೆ. ಇಂಥವರಿಗೆ ಹಣ ಕಟ್ಟಿದವರು ಇದನ್ನು ಓದುತ್ತಿದ್ದರೆ ಈಗಲೇ ಫೋನು ಮಾಡಿ ಕೇಳಿ: ಬೆಟ್ಟದ ಬುಡದಿಂದ ಎಷ್ಟು ಗಂಟೆಗೆ ಹತ್ತಲು ಶುರು, ಎಷ್ಟು ಗಂಟೆಗೆ ಎಲ್ಲರೂ ಕೆಳಗಿರಬೇಕು, ತಡವಾದರೆ ಚಾರಣ ರದ್ದು ಮಾಡುತ್ತೀರಾ, ಒಬ್ಬರು ಬಿದ್ದರೆ ತಣಿಸಲು ನಿಮ್ಮ ಬಳಿ ಏನಿದೆ? ಒಂಬತ್ತರೊಳಗೆ ಕೆಳಗಿಳಿಸುತ್ತೇವೆ ಎಂಬ ಉತ್ತರ ಬರದಿದ್ದರೆ ಹಣ ಹೋದರೆ ಹೋಗಲಿ, ಮಕ್ಕಳನ್ನು ಕಳಿಸಬೇಡಿ.